ಹೆಸರಿನ ಮುಂದಿನ ಕೃ

ಕೃಷ್ಣಾಪುರ ಎನ್ನಬಹುದು. ಕೃಷ್ಣಾತೀರ ಎಂದರೂ ತಪ್ಪೇನಿಲ್ಲ, ಹುಟ್ಟಿ ಬೆಳೆದದ್ದು ಹೊಳೆಯ ದಂಡೆಯಲ್ಲೇ ತಾನೆ. ಕೃಷ್ಣಪ್ಪ ಎನ್ನುವ ಹಾಗೆ ಮಾತ್ರ ಇಲ್ಲ. ತಂದೆಯ ಹೆಸರು ಚನ್ನಪ್ಪ ಎಂದು ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟೇ ಬಾಯಿ ಬಿಟ್ಟು ಹೇಳುತ್ತದೆ. ಯಲಹಂಕದ ಬಸ್ಸಿನ ಕಿಟಕಿಗೆ ಆತುಕೊಂಡು ಕೂತಿದ್ದ ಪಾರವ್ವ, ಜಕ್ಕೂರಿನ ವಿಮಾನದ ಬಯಲು ಕಣ್ಣಿಗೆ ಬೀಳುವಷ್ಟರಲ್ಲಿ ತನ್ನ ಇನಿಷಿಯಲ್ಲಿಗೆ ಇಷ್ಟೆಲ್ಲ ಅರ್ಥ ಹೊಂದಿಸಿ ನೋಡಿ, ಒಂದೂ ಒಗ್ಗದೆ, ಮಡಿಲಲ್ಲಿದ್ದ ಬ್ಯಾಗನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡಳು. ಸ್ವಂತ ಹೆಸರಿನ ಅರ್ಥ ಕೇಳಿಕೊಂಡು ಬರುವುದಕ್ಕೆ ಒಬ್ಬ ಟೀಚರು ಶಾಲೆಗೆ ಅರ್ಧ ದಿನ ರಜೆ ಹಾಕಿ ಹೊರಟಿದ್ದಾಳೆಂದರೆ ಯಾರಾದರೂ ನಗದೆ ಇರುತ್ತಾರೆಯೇ? ನಿನ್ನೆ ಸಂಜೆ ಹೆಡ್‌ಮಿಸ್ಟ್ರೆಸ್ ಮಲ್ಕಾ ಮೇಡಂ ನಗಲಿಲ್ಲ. ಅವರು ನಗುವವರಲ್ಲ. ಎರಡು ಸರ್ಟಿಫಿಕೇಟನ್ನು ಅಕ್ಕಪಕ್ಕ ಇಟ್ಟು, ಕನ್ನಡಕದ ಮೇಲಿನಿಂದ ನೋಡಿ, “ಪಾರವ್ವ, ಇಲ್ಲಿ ಪಾರವ್ವ ಚನ್ನಪ್ಪ ಬಡಿಗೇರ ಅಂತಿದೆ. ಬಿ.ಎ.ದ್ರಲ್ಲಿ ಕೃ. ಪಾರವ್ವ. ಇಬ್ರೂ ಒಬ್ರೇನಾ ಅಂತ ಇಲಾಖೆಯೋರು ಕೇಳ್ತಿದಾರೆ. ಕೃ ಅಂದ್ರೆ ಏನ್ರೀ?” ಎಂದರು. “ಅದು ಇನಿಷಿಯಲ್ರೀ ಮೇಡಂ.” “ಅದು ನನಗೂ ಕಾಣ್ಸುತ್ತೆ. ಏನು ಅಂತ ಕೇಳಿದ್ದು.” ಇಷ್ಟು ವರ್ಷ ದಿನಾ ಬೆಳಿಗ್ಗೆ ಹಾಜರಿ ಪುಸ್ತಕದಲ್ಲಿ ಬರೆಯುತ್ತ ಬಂದ ಅಕ್ಷರ, ಅದರ ಅರ್ಥ ತನಗೇ ಗೊತ್ತಿಲ್ಲ ಎನ್ನುವುದು ಪಾರವ್ವನಿಗೆ ಹೊಳೆದದ್ದು ಆಗಲೇ. “ಯೂನಿವರ್ಸಿಟಿಗೆ ಹೋಗಿ, ಎಲ್ಲಾ ವರ್ಷದ ಮಾರ್ಕ್ಸು ಒಂದೇ ಹಾಳೇಲಿ ಇರೋ ಟ್ರಾನ್ಸ್‌ಕ್ರಿಪ್ಟ್ ತಗೊಂಡು, ಇದೇನು ಅಂತ ಅವರ ಹತ್ರಾನೇ ಬರೆಸ್ಕೊಂಡ್ ಬನ್ನಿ. ನಾಳೆ ಪಟ್ಟಿ ಕಳಿಸ್ಬೇಕು,” ಎಂದು ಮಲ್ಕಾ ಮೇಡಂ ಮುಂದಿನ ಫೈಲು ತೆಗೆದರು.

ಪಟ್ಟಿ ಎಂದರೆ ಇವರ ಶಾಲೆಯನ್ನು ಸರ್ಕಾರದ ಅನುದಾನಕ್ಕೆ ಸೇರಿಸುವ ಪಟ್ಟಿ. ಯಶವಂತಪುರದ ಆ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಟೆಂಪರರಿ, ಟೆಂಪರರಿ ಎನಿಸಿಕೊಳ್ಳುತ್ತಲೇ ಪಾರವ್ವನ ತಲೆಯಲ್ಲಿ ನರೆ ಮೂಡಿತ್ತು. ಪಟ್ಟಿಯಲ್ಲಿ ಹೆಸರಿದ್ದರೆ ಕೆಲಸ ಖಾಯಂ; ಕಾಗದಪತ್ರ ಹೊಂದದೆ ಒಂದು ಸಲ ಕೈಬಿಟ್ಟರೆ ಬಿಟ್ಟಂತೆಯೇ, ಆ ಜಾಗಕ್ಕೆ ಇಲಾಖೆ ಬೇರೆ ಯಾರನ್ನೋ ಕಳಿಸುತ್ತದೆ. ಕೃಪಾಂಕದಲ್ಲಿ, ಎಂದರೆ ಗ್ರೇಸ್ ಮಾರ್ಕಿನಲ್ಲಿ ಪಾಸಾದವರನ್ನೂ ಕೈಬಿಡುತ್ತಾರಂತೆ ಎಂದು ಸ್ಟಾಫ್ ರೂಮಿನಲ್ಲಿ ಒಂದು ಗಾಳಿಮಾತು ಓಡಾಡುತ್ತಿತ್ತು. ಅದನ್ನು ಕೇಳಿ, “ಖರೇನ ಐತಿ ಬಿಡ್ರಿ. ಬ್ಯಾರೇದವರ ಪುಣ್ಯಾದಾಗ ಪಾಸಾದವ್ರು ಮಕ್ಕಳಿಗೆ ಏನ್ ಕಲಿಸ್ತಾರ?” ಎಂದು ಮೊನ್ನೆ ತಾನೇ ಪಾರವ್ವ ಟಿಫಿನ್ ಡಬ್ಬಿ ತೊಳೆಯುತ್ತ ಅಂದಿದ್ದಳು. ತನಗೆ ಆ ಭಯವಿಲ್ಲ, ತನ್ನದೇನಿದ್ದರೂ ಒಂದು ಅಕ್ಷರದ ತಾಪತ್ರಯ ಎಂದು ಈಗ ಬಸ್ಸಿನಲ್ಲಿ ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ಮನಸ್ಸು ಒಪ್ಪಲಿಲ್ಲ.

ಅವಳ ಕಡೆ ಇನಿಷಿಯಲ್ ಎನ್ನುವುದೇ ಇರಲಿಲ್ಲ. ಹೆಸರು, ಅಪ್ಪನ ಹೆಸರು, ಅಡ್ಡಹೆಸರು, ಮೂರೂ ಹಿಂದೆ ಹಿಂದೆ ಬರುತ್ತವೆ, ಜಾತ್ರೆಗೆ ಹೊರಟ ಮನೆಮಂದಿಯ ಹಾಗೆ. ಮದುವೆಯಾಗಿ ಜಮಖಂಡಿ ಕಡೆಯಿಂದ ಗಂಡ ಸಿದ್ರಾಮಪ್ಪನ ಕಾರ್ಖಾನೆಯ ಕೆಲಸದ ಬೆನ್ನು ಹಿಡಿದು ಬೆಂಗಳೂರಿಗೆ ಬಂದಾಗ ಇಲ್ಲಿ ಕೇಳಿದವರೆಲ್ಲ ಕೇಳಿದ್ದು ಒಂದೇ, “ಇನಿಷಿಯಲ್ ಏನಮ್ಮಾ?” ರೇಷನ್ ಆಫೀಸಿನವನು ಕೇಳಿದ, ಬ್ಯಾಂಕಿನವನು ಕೇಳಿದ, ಆಸ್ಪತ್ರೆಯಲ್ಲಿ ಬಾಣಂತಿಯ ಮಂಚದ ಪಕ್ಕ ನಿಂತ ನರ್ಸೂ ಕೇಳಿದಳು. “ನಮ್ಮ ಕಡೆ ಹಂಗೆಲ್ಲ ಇರಂಗಿಲ್ರೀ” ಎಂದರೆ ಅಯ್ಯೋ ಪಾಪ ಎನ್ನುವಂತೆ ನೋಡುತ್ತಿದ್ದರು. ಆಮೇಲೆ ಬಿ.ಎ. ಪರೀಕ್ಷೆಗೆ ಮನೆಯಲ್ಲೇ ಓದಿ ಕಟ್ಟಿದಳು. ಅರ್ಜಿಯಲ್ಲಿ ಹೆಸರು ಎಂದು ಕೇಳಿದ್ದಕ್ಕೆ ಹೆಸರನ್ನಷ್ಟೇ ಬರೆದಳು. ಅಡ್ಡಹೆಸರು ಕೇಳಿದ್ದರೆ ಅದನ್ನೂ ಬರೆಯುತ್ತಿದ್ದಳು. ಕೊನೆಯ ವರ್ಷದ ಮಾರ್ಕ್ಸ್ ಕಾರ್ಡು ಅಂಚೆಯಲ್ಲಿ ಬಂದು, ಲಕೋಟೆ ಒಡೆದರೆ, ಕನ್ನಡದಲ್ಲಿ ದುಂಡಗೆ ಬರೆದಿತ್ತು, ಕೃ. ಪಾರವ್ವ ಎಂದು. ಬೆಂಗಳೂರೇ ಮುಂದಾಗಿ ತನಗೊಂದು ಇನಿಷಿಯಲ್ ಕೊಟ್ಟಿತೆಂದು ಅವಳು ತಿಳಿದಳು. ಇಷ್ಟು ದೊಡ್ಡ ಯೂನಿವರ್ಸಿಟಿ, ಕೊಟ್ಟರೆ ಸುಮ್ಮನೆ ಕೊಟ್ಟೀತೆ, ಏನೋ ಲೆಕ್ಕವಿರುತ್ತದೆ. ಸಿದ್ರಾಮಪ್ಪನಂತೂ, “ನಮ್ಮ ಹೊಳಿ ನಿನ್ನ ಬೆನ್ನ ಹತ್ತಿ ಇಲ್ಲೀತನ ಬಂತು ನೋಡು” ಎಂದು ಇಡೀ ವಠಾರಕ್ಕೆ ಪೇಡೆ ಹಂಚಿದ. ಬಿ.ಎಡ್.ಗೆ ಅದೇ ಹೆಸರು, ಕೆಲಸಕ್ಕೆ ಅದೇ ಹೆಸರು. ಕೊಡಿಗೇಹಳ್ಳಿಯಲ್ಲಿ ಎರಡು ಕೋಣೆ ಎಬ್ಬಿಸಿ ಗೃಹಪ್ರವೇಶ ಮಾಡಿದಾಗ ಆಮಂತ್ರಣದಲ್ಲಿ ಅರಿಶಿನದ ಅಕ್ಷರದಲ್ಲಿ ಅದೇ ಹೆಸರು. ಶಾಲೆಯ ಹುಡುಗಿಯರು ಅವಳನ್ನು ಕೃ ಮಿಸ್ ಎಂದೇ ಕರೆಯುತ್ತಿದ್ದರು, ಅವಳಿಗೆ ಅದು ಹಿತವಾಗಿಯೇ ಇತ್ತು.

ವಿಶ್ವವಿದ್ಯಾಲಯ ಯಲಹಂಕ ದಾಟಿದ ಮೇಲೆ, ದ್ರಾಕ್ಷಿ ತೋಟಗಳ ನಡುವೆ ಎದ್ದ ಹಳದಿ ಕಟ್ಟಡ. ದಾಖಲೆ ಶಾಖೆಯ ಕಿಟಕಿಯ ಮುಂದೆ ಹುಡುಗರ ಸಾಲು. ಅವಳ ಸರದಿ ಬಂದಾಗ, “ನನ್ನ ಇನಿಷಿಯಲ್ ಏನು ಅಂತ ತಿಳ್ಕೋಬೇಕಿತ್ರೀ” ಎಂದಳು. ಹಿಂದೆ ನಿಂತಿದ್ದ ಹುಡುಗನೊಬ್ಬ ಕಿಸಕ್ಕನೆ ನಕ್ಕು, “ಮಗಾ, ಕೇಳಿಸ್ಕೊಂಡ್ಯಾ?” ಎಂದು ಇನ್ನೊಬ್ಬನನ್ನು ತಿವಿದ. ಪಾರವ್ವ ಮಾರ್ಕ್ಸ್ ಕಾರ್ಡನ್ನು ಕಿಟಕಿಯೊಳಕ್ಕೆ ಚಾಚಿದಳು. ಕಿಟಕಿಯೊಳಗಿನ ಗುಮಾಸ್ತ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ, “ಒಳಗ್ ಹೋಗಿ, ಸೂಪರಿಂಟೆಂಡೆಂಟನ್ನ ನೋಡಿ” ಎಂದು ಬಾಗಿಲು ತೋರಿಸಿದ. ಒಳಗೆ ಕಬ್ಬಿಣದ ಬೀರುಗಳ ನಡುವೆ, ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡು ಕೂತಿದ್ದವರು ಪಿಳ್ಳಣ್ಣ. ಅಮೃತಹಳ್ಳಿಯವರು, ಸೈಕಲ್ಲಿನಲ್ಲೇ ಓಡಾಡುವ ದೊಡ್ಡ ಗಂಟಲಿನ ಮನುಷ್ಯ. “ಕುತ್ಕಳಿ ಮೇಡಂ” ಎಂದು ಮಾರ್ಕ್ಸ್ ಕಾರ್ಡು ಬಿಡಿಸಿದವರೇ ಕಣ್ಣು ಅಗಲ ಮಾಡಿ, “ಓ! ಇದು ಆ ವರ್ಸದ್ದು!” ಎಂದರು. ಆಮೇಲೆ ಕೋಣೆಯ ಆಚೆ ತುದಿಗೆ ಕೇಳುವಂತೆ, “ಹಬೀಬುಲ್ಲಾ ಅವ್ರೇ, ಇನ್ನೊಬ್ರು ಸಿಕ್ಕವ್ರೆ ಬನ್ರೀ!” ಎಂದು ಕೂಗಿದರು. ಮೂಲೆಯಲ್ಲಿ ಟೈಪ್ ಮಾಡುತ್ತಿದ್ದ ಹಬೀಬುಲ್ಲಾ ಎದ್ದು ನೋಡಿ, ಪಾರವ್ವನ ಮುಖ ಕಂಡು, ಏನನ್ನಿಸಿತೋ, ಮತ್ತೆ ಕೂತುಬಿಟ್ಟರು.

ಸಿಕ್ಕವ್ರೆ ಎಂದರೆ? ಕಳೆದುಹೋದವರೇ ತಾನು? ಪಿಳ್ಳಣ್ಣ ಬೀರುವಿನಲ್ಲಿ ಹುಡುಕುತ್ತಿದ್ದಷ್ಟು ಹೊತ್ತೂ ಅವಳಿಗೆ ಯಾಕೋ ಮತ್ತೆ ಪರೀಕ್ಷೆಯ ಹಾಲಿನಲ್ಲಿ ಕೂತಂತಾಗುತ್ತಿತ್ತು. ಅವತ್ತು ಬಿ.ಎ. ಇಂಗ್ಲಿಷ್ ಪತ್ರಿಕೆಯ ದಿನ. ಮಗ ಕಾಶಿನಾಥ ಇನ್ನೂ ತೊಟ್ಟಿಲ ಕೂಸು, ರಾತ್ರಿಯಿಂದ ಮೈ ಕೆಂಡ. ಆರ್.ಟಿ. ನಗರದ ಆ ವಠಾರದಲ್ಲಿ ಗೋಡೆಗೆ ಗೋಡೆ ಹಚ್ಚಿದ ಮನೆ ಸಬೀರಾಳದು, ಅವಳ ಮಗ ಗಯಾಸನಿಗೂ ಅಷ್ಟೇ ವಯಸ್ಸು. ಪರೀಕ್ಷೆಗೆ ಹೋಗುವುದಿಲ್ಲ ಎಂದು ಸೆರಗು ಬಾಯಿಗೆ ಇಟ್ಟುಕೊಂಡು ಕೂತವಳ ಮಡಿಲಿನಿಂದ ಕೂಸನ್ನು ಎತ್ತಿಕೊಂಡು ಸಬೀರಾ, “ಎದ್ದೋಗು ಪಾರವ್ವ. ನಿನ್ನ ಮಗನ್ನ ನಾನೇನು ತಿಂದ್ಕೊಂಡ್ಬಿಡ್ತೀನಾ?” ಎಂದು ಗದರಿದಳು. ಹಾಲಿನಲ್ಲಿ ಕೂತರೆ ಇಂಗ್ಲಿಷ್ ಅಕ್ಷರಗಳೆಲ್ಲ ಅಳುತ್ತಿದ್ದವು. ಎದೆ ಬಿಗಿದು ರವಿಕೆ ಒದ್ದೆಯಾಗಿ, ಸೆರಗು ಹೊದ್ದುಕೊಂಡು, ಕೊನೆಯ ದೊಡ್ಡ ಪ್ರಶ್ನೆಯನ್ನು ಹಾಗೇ ಬಿಟ್ಟು ಎದ್ದು ಬಂದಳು. ಬಂದು ನೋಡಿದರೆ ಕಾಶಿ ಸಬೀರಾಳ ಎದೆಗೆ ಬಾಯಿ ಹಚ್ಚಿ ನಿದ್ದೆ ಹೋಗಿದ್ದ, ಜ್ವರ ಇಳಿದಿತ್ತು. “ಅಳ್ತಿದ್ದ. ಕೊಟ್ಟೆ. ಈಗ ಇವ್ನು ನಂಗೂ ಮಗ ಆಗ್ಬಿಟ್ಟ, ನೀನು ಜಗಳ ಆಡ್ಬೇಡ,” ಎಂದಳು ಸಬೀರಾ. ಇಂಗ್ಲಿಷಿನಲ್ಲಿ ಹೋದೆ ಎಂದುಕೊಂಡಿದ್ದ ಪಾರವ್ವ ಪಾಸಾಗಿದ್ದಳು. ಸರಿಯಾಗಿ ಮೂವತ್ತೈದು. ಆ ಮೂವತ್ತೈದನ್ನು ಅವಳು ಮೆಡಲಿನಂತೆ ಹೊತ್ತು ತಿರುಗಿದ್ದಳು. ಎಂಟನೆಯ ತರಗತಿಗೆ ಇಂಗ್ಲಿಷ್ ಹೇಳುವವರಿಲ್ಲದೆ ಅವಳ ಪಾಲಿಗೆ ಬಂದಾಗ, ಹೆದರಿ ಕೂತ ಹುಡುಗಿಯರಿಗೆ, “ನಾ ಅರ್ಧಾ ಪೇಪರ್ ಬಿಟ್ಟು ಬಂದೂ ಪಾಸಾಗೀನಿ, ನಿಮಗೇನ್ ಬ್ಯಾನಿ?” ಎನ್ನುತ್ತಿದ್ದಳು. ಹುಡುಗಿಯರು ಬಾಯಿ ಬಾಯಿ ಬಿಟ್ಟು ನೋಡುತ್ತಿದ್ದರು.

ಪಿಳ್ಳಣ್ಣ ದಪ್ಪ ರಿಜಿಸ್ಟರನ್ನು ಮೇಜಿನ ಮೇಲೆ ಕೆಡವಿ, ಒಂದು ಸಾಲಿನ ಕೆಳಗೆ ಬೆರಳಿಟ್ಟು, ಗಂಟಲನ್ನು ಆದಷ್ಟು ತಗ್ಗಿಸಿದರು. “ಮೇಡಂ, ಬ್ಯಾಸರ ಮಾಡ್ಕಬ್ಯಾಡಿ. ಇದು ಇನಿಸಿಯಲ್ ಅಲ್ಲ. ಕೃ ಅಂದ್ರೆ ಕೃಪಾಂಕ.”

“ಯಾರದ್ರೀ?”

“ನಿಮ್ದೇ. ಇಂಗ್ಲಿಸು. ಮೂವತ್ತೊಂದು ಬಂದಿತ್ತು, ನಾಕು ಆಕಿ ಪಾಸ್ ಮಾಡವ್ರೆ. ಆ ವರ್ಸ ಎಲ್ಲಾ ಕನ್ನಡದಾಗೇ ಆಗ್ಬೇಕು ಅಂತ ಒಂದು ಆರ್ಡರ್ ಬಂತು. ಏನಂತ? ಕೃಪಾಂಕ ಪಡೆದ ಅಭ್ಯರ್ಥಿಯ ಎಸರಿನ ಮುಂದೆ ಕೃ ಎಂದು ನಮೂದಿಸತಕ್ಕದ್ದು, ಅಂತ. ಈಗ ನೀವೇ ಏಳಿ ಮೇಡಂ, ಮುಂದೆ ಅಂದ್ರೆ ಎಲ್ಲಿ? ಎಸ್ರು ಬರ್ದಾದ್ಮೇಲೆ ಮುಂದಕ್ಕಾ, ಎಸ್ರಿಗಿಂತ ಮುಂಚೇನಾ? ಆರ್ಡರ್ ಬರ್ದೋರು ಒಂದ್ ಅಂದ್ಕಂಡ್ರು, ಕಾರ್ಡ್ ಬರ್ದೋರು ಇನ್ನೊಂದ್ ಅಂದ್ಕಂಡ್ರು.” ಪಿಳ್ಳಣ್ಣನಿಗೆ ನಗು ತಡೆಯಲಿಲ್ಲ. “ನಮ್ ಕಡೆಯೋರು ಬಿಡ್ತಾರಾ? ವಾರಕ್ಕೇ ಓಡ್ಬಂದ್ರು. ನಾನು ಎಂ. ಮುನಿಯಣ್ಣ, ನನ್ನೆಸರಿಗೆ ಇನ್ನೊಂದು ಅಕ್ಸರ ಯಾಕ್ರೀ ತಗಲಾಕಿದ್ರಿ ಅಂತ ಜಗಳ. ಎಲ್ಲಾರ್ದೂ ತಿದ್ದಿಕೊಟ್ವಿ. ನಿಮ್ ಕಡೆಯೋರೇ ಬರ್ಲಿಲ್ಲ. ನಿಮ್ಗೆ ಇನಿಸಿಯಲ್ಲೇ ಇಲ್ಲ ನೋಡಿ. ಜಾಗ ಕಾಲಿ ಇತ್ತು, ಕೃ ಬಂದು ಕುಂತ್ಕಂಡ್ಬಿಡ್ತು.”

ಪಾರವ್ವ ನಗಲು ಪ್ರಯತ್ನಪಟ್ಟಳು. ಮುಖ ಒಪ್ಪಲಿಲ್ಲ. ಫ್ಯಾನಿನ ಗಾಳಿಗೆ ರಿಜಿಸ್ಟರಿನ ಹಾಳೆ ಏಳುತ್ತ ಕೂರುತ್ತ ಇತ್ತು. ದಿನಾ ಬೆಳಿಗ್ಗೆ, ಹಾಜರಿಯಲ್ಲಿ, ತನ್ನ ಕೈಯಾರೆ, ಗ್ರೇಸ್ ಮಾರ್ಕಿನ ಪಾರವ್ವ, ಗ್ರೇಸ್ ಮಾರ್ಕಿನ ಪಾರವ್ವ ಎಂದು ಬರೆದಿದ್ದೇನೆ. ಅರಿಶಿನದ ಅಕ್ಷರದಲ್ಲಿ ಅಚ್ಚು ಹಾಕಿಸಿ ನೆಂಟರಿಷ್ಟರಿಗೆಲ್ಲ ಹಂಚಿದ್ದೇನೆ. ಕೃ ಮಿಸ್ ಎಂದು ಹುಡುಗಿಯರು ಕಾರಿಡಾರಿನ ತುಂಬ ಕೂಗಿದ್ದಾರೆ, ನಾನು ಓಗೊಟ್ಟಿದ್ದೇನೆ. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುತ್ತಾರಲ್ಲ, ಅದಕ್ಕಿಂತ ಕಡೆ. ನಾನು ಹಣೆಗೆ ಹಚ್ಚಿಕೊಂಡು ತಿರುಗಿದೆ. ಬೇರೆಯವರ ಪುಣ್ಯದಲ್ಲಿ ಪಾಸಾದವರು. ಡಬ್ಬಿ ತೊಳೆಯುತ್ತ ಆಡಿದ ಮಾತು ಈಗ ತಿರುಗಿ ಬಂದು ಎದುರಿಗೆ ಕೂತಿತು. ಯಾರು ಕೇಳಿದ್ದರು ಇವರನ್ನು? ಫೇಲು ಮಾಡಿದ್ದರೆ ಮತ್ತೆ ಕಟ್ಟುತ್ತಿದ್ದೆ, ಗಂಡುಮಕ್ಕಳಂತೆ ಎರಡು ಸಲ ಕಟ್ಟುತ್ತಿದ್ದೆ. ಹೀಗೆ ಅಂದುಕೊಂಡರೂ ಅದು ಸುಳ್ಳೆಂದು ಅವಳಿಗೇ ಗೊತ್ತಿತ್ತು. ಆ ವರ್ಷ ಹೋಗಿದ್ದರೆ ಹೋದಂತೆಯೇ. ಕಾಶಿಯ ಹಿಂದೆ ಇನ್ನೊಂದು ಕೂಸು, ಅದರ ಹಿಂದೆ ಅತ್ತೆಯ ಕಾಯಿಲೆ. ಪುಸ್ತಕಗಳು ಅಟ್ಟ ಸೇರುತ್ತಿದ್ದವು.

“ಊರು ಯಾವ್ದು ಮೇಡಂ?” ಎಂದರು ಪಿಳ್ಳಣ್ಣ ಇದ್ದಕ್ಕಿದ್ದಂತೆ.

“ಜಮಖಂಡಿ ಕಡೇರಿ. ಹೊಳಿ ದಂಡಿ.”

“ಯಾವೊಳೆ?”

“ಕೃಷ್ಣಾ.”

ಪಿಳ್ಳಣ್ಣ ಮೇಜು ಕುಟ್ಟಿದರು. “ದೇವ್ರೇ ಬರ್ಕೊಟ್ಟವ್ನೆ ಬಿಡಿ! ಆಚೆ ಹೊಂಗೆ ಮರದ ಕೆಳಗೆ ನೋಟರಿ ಕುಂತವ್ನೆ. ಕೃ ಅಂದ್ರೆ ಕೃಷ್ಣಾತೀರ, ಅದು ನಮ್ಮೂರು, ಅಂತ ಒಂದು ಅಫಿಡವಿಟ್ ಮಾಡ್ಸಿ. ಹಳೇ ಕಾರ್ಡನ್ನೇ ಇದ್ದಂಗೇ ಅಟೆಸ್ಟ್ ಮಾಡ್ಕೊಡ್ತೀನಿ. ಈಗಿನ ರೂಲ್ಸಿನ ಪ್ರಕಾರ ಟ್ರಾನ್ಸ್‌ಕ್ರಿಪ್ಟು ಕೊಟ್ರೆ, ಕೃಪಾಂಕ ಮಾರ್ಕಿನ ಬಲಕ್ಕೇ ಬರ್ಬೇಕು. ಎಸ್ರಲ್ಲಿರೋ ಕೃ ತಗ್ದು ಇಂಗ್ಲಿಸಿನ ಪಕ್ಕಕ್ಕೆ ಆಕ್ಬೇಕಾಯ್ತದೆ. ನೋಡ್ದೋರ್ಗೆಲ್ಲಾ ಕಾಣ್ತದೆ. ನೀವು ಯೋಚ್ನೆ ಮಾಡಿ, ಯಾವ್ದಂದ್ರೆ ಅದು.” ಅವರ ದನಿಯಲ್ಲಿ ಕೊಂಕಿರಲಿಲ್ಲ. ಯಾರೋ ಪರಿಚಯವಿಲ್ಲದ ಹೆಂಗಸು ಉಳಿದುಕೊಳ್ಳಲಿ ಎಂಬ ಆಸೆಯಷ್ಟೇ ಇತ್ತು. ಅದೇ ಅವಳನ್ನು ಇನ್ನಷ್ಟು ಕಲಕಿತು.

ಬಾಗಿಲವರೆಗೆ ಹೋದವಳು ತಿರುಗಿ, “ಯಾರು ಕೊಟ್ರೀ ಅದನ್ನ? ಆ ನಾಲ್ಕು?” ಎಂದಳು.

“ಯಾರು ಅಂತ ಏಳಾಕಾಯ್ತದೆ? ಒಂದು ಬೋರ್ಡು ಕುತ್ಕಳ್ತದೆ. ಮಿಕ್ಕಿದ್ದು ಚೆನ್ನಾಗಿದ್ರೆ, ಒಂದ್ರಲ್ಲಿ ಸ್ವಲ್ಪಕ್ಕೆ ಓಗಿದ್ರೆ, ಆಕ್ತಾರೆ. ನಿಮ್ದು ಇಸ್ಟರಿ ಪೇಪರ್ ಬೋ ಚೆನ್ನಾಗಿತ್ತು. ಅವ್ರಿಗೆ ನಂಬರ್ ಕಾಣ್ತದೆ ಮೇಡಂ, ಎಸ್ರು ಕಾಣಾಕಿಲ್ಲ.”

ಹೊಂಗೆಯ ಕೆಳಗೆ ನೋಟರಿ ಯಾರೊಂದಿಗೋ ಚೌಕಾಸಿಯಲ್ಲಿದ್ದ. ಪಾರವ್ವ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತಳು. ಒಂದು ಸಾಲು ಬರೆಸಿದರೆ ಆಯಿತು, ಕೆಲಸ ಖಾಯಂ. ಸುಳ್ಳೂ ಅಲ್ಲ ಪೂರ್ತಿ, ಹೊಳೆಯೇ ತಾನೆ ಸಾಕಿದ್ದು. ಅವಳು ಶಾಲೆಗೆ ಹೋಗುತ್ತಿದ್ದದ್ದು ಹೊಳೆಯಾಚೆಗೆ, ದೋಣಿಯಲ್ಲಿ. ಮಳೆಗಾಲದ ಕೆಂಪು ನೀರಿನಲ್ಲಿ ದೋಣಿ ದಂಡೆಗೆ ತಾಗುವಾಗ ಅಂಬಿಗ ಒಬ್ಬೊಬ್ಬರ ರಟ್ಟೆ ಹಿಡಿದು ಎತ್ತಿ ಕೆಸರಿನಾಚೆ ಇಳಿಸುತ್ತಿದ್ದ. ಯಾರ ಮಗಳು, ಯಾವ ಓಣಿ ಎಂದು ಕೇಳುತ್ತಿರಲಿಲ್ಲ. ಸುಗ್ಗಿ ಬಂದಾಗ ಅಪ್ಪ ಕಣದಿಂದಲೇ ಅವನಿಗೆ ಜೋಳದ ಆಯ, ಎಂದರೆ ಅವನ ವರ್ಷದ ಪಾಲು, ಅಳೆದುಕೊಡುತ್ತಿದ್ದ. ಕೊಟ್ಟು, ಕೈ ಮುಗಿಯುತ್ತಿದ್ದ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುವ ಗಾದೆ ಊರಲ್ಲಿ ಎಲ್ಲರ ಬಾಯಲ್ಲೂ ಇತ್ತು, ಆಯ ತಪ್ಪಿಸಿದವರು ಮಾತ್ರ ಯಾರೂ ಇರಲಿಲ್ಲ. ಈ ನಾಲ್ಕು ಅಂಕದ ಅಂಬಿಗನಿಗೆ ಎಲ್ಲಿ ಹೋಗಿ ಅಳೆಯಲಿ? ಯಾವುದೋ ಮಧ್ಯಾಹ್ನ, ಯಾವುದೋ ಕೋಣೆ, ಚಹಾದ ಬಟ್ಟಲು ಪಕ್ಕಕ್ಕೆ ಸರಿಸಿ ಯಾರೋ ಒಬ್ಬರು ಅವಳ ನಂಬರಿನ ಮೇಲೆ ಕಣ್ಣು ನಿಲ್ಲಿಸಿರಬೇಕು. ಹೋಗಲಿ, ದಾಟಿಸಿಬಿಡಿ ಎಂದಿರಬೇಕು. ಅವರಿಗೆ ಅವಳ ಅಳುವ ಕೂಸು ಗೊತ್ತಿಲ್ಲ, ಒದ್ದೆ ರವಿಕೆ ಗೊತ್ತಿಲ್ಲ. ಆಮೇಲೆ ಮನೆಗೆ ಹೋಗಿ ಅವರು ಅದನ್ನು ಮರೆತೂ ಬಿಟ್ಟಿರಬೇಕು. ಆ ಕೈ ಹಿಡಿದದ್ದರಿಂದಲೇ ಬಿ.ಎಡ್., ಶಾಲೆ, ಕೊಡಿಗೇಹಳ್ಳಿಯ ಮನೆ, ಎಂಟನೆಯ ತರಗತಿಯ ಆ ಬಾಯಿಬಿಟ್ಟ ಮುಖಗಳು. ಆ ಪುಟ್ಟ ಅಕ್ಷರ ಇಷ್ಟು ದಿನ ತನ್ನ ಮುಂದೆ ಮುಂದೆ ನಡೆದು ಒಂದೊಂದೇ ಬಾಗಿಲು ತೆಗೆಸುತ್ತ ಬಂದಿದೆ, ತಾನು ಹಿಂದೆ ಬೀಗುತ್ತ ನಡೆದಿದ್ದೇನೆ. ನಾಚಿಕೆ ಇನ್ನೂ ಇತ್ತು, ಆದರೆ ಅದರೊಳಗಿಂದ ಬೇರೇನೋ ಉಕ್ಕಿ ಬಂದು ಕಣ್ಣು ಮಂಜಾಯಿತು. ಯಾರಪ್ಪಾ ನೀನು, ನಿನ್ನ ಹೊಟ್ಟೆ ತಣ್ಣಗಿರಲಿ ಎಂದು ಮನಸ್ಸಿನಲ್ಲೇ ಅಂದಳು.

ಮತ್ತೆ ಸಬೀರಾ? ಅವಳಿಗಾದರೂ ಏನು ಅಳೆದುಕೊಟ್ಟೆ? ಗೃಹಪ್ರವೇಶಕ್ಕೆ ಬಂದಿದ್ದಳು, ಗಯಾಸನ ಕೈ ಹಿಡಿದುಕೊಂಡು, ಸ್ಟೀಲಿನ ಕೊಡಪಾನ ತಂದಿದ್ದಳು. ಒಳಗೆಲ್ಲ ಊರಿನ ನೆಂಟರು. ಬಾಗಿಲಲ್ಲೇ ಕೊಟ್ಟು, “ಇನ್ನೊಂದ್ಸಲ ಬರ್ತೀನಿ ಕಣೇ” ಎಂದು ಊಟಕ್ಕೆ ನಿಲ್ಲದೆ ಹೊರಟಾಗ ಪಾರವ್ವ ಸೆರಗು ಹಿಡಿದು ನಿಲ್ಲಿಸಲಿಲ್ಲ. ಆ ಇನ್ನೊಂದ್ಸಲ ಬರಲೇ ಇಲ್ಲ. ಅವಳೆದೆಯ ಹಾಲು ಯಾವ ಮಾರ್ಕ್ಸ್ ಕಾರ್ಡಿನಲ್ಲೂ ಬರೆದಿಲ್ಲ, ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಒಂದು ಕೃಪೆಯಾದರೂ ಬರಹದಲ್ಲಿದೆ. ಅದನ್ನೂ ಅಳಿಸಿ ಊರಿನ ಹೆಸರು ಮಾಡಿಬಿಟ್ಟರೆ? ಕೃತಜ್ಞ, ಕೃತಘ್ನ ಎರಡನ್ನೂ ಹುಡುಗಿಯರು ಅದಲುಬದಲು ಬರೆದಾಗ ಅವಳು ಕಿವಿ ಹಿಂಡುತ್ತಿದ್ದಳು. “ಏನಮ್ಮಾ, ಅಫಿಡವಿಟ್ಟಾ?” ಎಂದ ನೋಟರಿ, ಚೌಕಾಸಿ ಮುಗಿಸಿ. “ಬ್ಯಾಡ್ರಿ, ಸುಮ್ನ ಕುಂತಿದ್ದೆ” ಎಂದು ಪಾರವ್ವ ಎದ್ದಳು.

ಅರ್ಜಿ ಬರೆಯುವುದು ಕಷ್ಟವಾಗಲಿಲ್ಲ. ಹೆಸರಿನೊಂದಿಗೆ ತಪ್ಪಾಗಿ ಸೇರಿರುವ ಕೃಪಾಂಕದ ಗುರುತನ್ನು ತೆಗೆದು, ಇಂಗ್ಲಿಷ್ ಅಂಕದ ಬಲಕ್ಕೆ ಹಾಕಿಕೊಡಬೇಕಾಗಿ ವಿನಂತಿ. ಕೆಳಗೆ ಸಹಿ ಹಾಕಿ ಕೊಟ್ಟಳು. ಪಿಳ್ಳಣ್ಣ ಓದಿದರು, ಅವಳ ಮುಖ ನೋಡಿದರು, ಮತ್ತೆ ಓದಿ, “ಮೇಡಂ, ಕೃ ತಗೀರಿ ಅಂತ ಅರ್ಜಿ. ಸೈನಿನಾಗೆ ಅದೇ ಕೃ!” ಎಂದರು. ಬಗ್ಗಿ ನೋಡಿದರೆ ಹೌದು, ಕೈ ತನ್ನ ಪಾಡಿಗೆ ತಾನು ಬರೆದುಬಿಟ್ಟಿತ್ತು. ಮೊದಲು ನಕ್ಕವಳು ಪಾರವ್ವನೇ. ಹಬೀಬುಲ್ಲಾ ಊಟದ ಡಬ್ಬಿಯನ್ನು ಮುಚ್ಚಿಟ್ಟು ಟೈಪ್‌ರೈಟರಿಗೆ ಹಾಳೆ ಏರಿಸಿದರು. “ನೀವು ಊಟ ಮಾಡ್ರಿ, ನಾ ಕಾಯ್ತೀನಿ” ಎಂದರೆ, “ನೀವು ಯಶವಂತಪುರಕ್ಕೆ ಹೋಗ್ಬೇಕಲ್ವಾ, ಅನ್ನ ಎಲ್ಲಿಗೆ ಓಡಿಹೋಗತ್ತೆ” ಎಂದರು. ಒಂದೇ ದಿನಕ್ಕೆ ಆ ಆಫೀಸಿನಿಂದ ಕಾಗದ ಸಿಕ್ಕಿದ್ದನ್ನು ಯಾರಿಗೆ ಹೇಳಿದರೂ ನಂಬುವುದಿಲ್ಲ ಎಂದು ಅವಳಿಗೆ ಅನ್ನಿಸಿತು. ಇದೂ ಒಂದು ಕೃಪಾಂಕವೇ.

ಆದರೆ ಬಸ್ಸು ಹೆಬ್ಬಾಳದ ಕೆರೆ ಏರಿಗೆ ಬಂದಂತೆ ಧೈರ್ಯವೆಲ್ಲ ಸೋರಿತು. ಮಾಡಿದ್ದು ಹುಚ್ಚಲ್ಲವೆ? ಕೈಗೆ ಬಂದ ತುತ್ತನ್ನು ತಾನೇ ಚೆಲ್ಲಿಕೊಂಡು, ಸಿದ್ರಾಮಪ್ಪನಿಗೆ ಏನೆಂದು ಹೇಳುವುದು? ಟ್ರಾನ್ಸ್‌ಕ್ರಿಪ್ಟನ್ನು ಮತ್ತೆ ತೆಗೆದು ನೋಡಿದಳು. ಮೇಲೆ ಬರೀ ಪಾರವ್ವ, ಕೂದಲು ಬೋಳಿಸಿದ ಕೂಸಿನ ಹಾಗೆ. ಕೆಳಗೆ ಮೂವತ್ತೈದರ ಪಕ್ಕ ಆ ಕೃ, ಎಷ್ಟು ಚಿಕ್ಕದು, ಆದರೆ ಕಣ್ಣು ಬೇರೆಲ್ಲಿಗೂ ಹೋಗುವುದಿಲ್ಲ.

ಮಲ್ಕಾ ಮೇಡಂ ಆಗಷ್ಟೇ ತರಗತಿ ಮುಗಿಸಿ ಬಂದು, ಸೆರಗಿಗೆ ಮೆತ್ತಿದ ಸೀಮೆಸುಣ್ಣ ಕೊಡವುತ್ತಿದ್ದರು. ಹಾಳೆ ತೆಗೆದುಕೊಂಡು ಬೆರಳನ್ನು ಮೇಲಿನಿಂದ ಕೆಳಕ್ಕೆ ಇಳಿಸುತ್ತ ಬಂದು ಒಂದು ಕಡೆ ನಿಲ್ಲಿಸಿದರು.

“ಏನ್ರೀ ಇದು?”

“ಕೃಪಾಂಕ್ರೀ ಮೇಡಂ. ಗ್ರೇಸ್ ಮಾರ್ಕು. ಅದ ಕೃ ಇದು, ಮ್ಯಾಲಿಂದ ಕೆಳಗ ಇಳದೈತಿ.”

“ಹಾಗಾದ್ರೆ ಇನಿಷಿಯಲ್ ಅಲ್ವಾ?”

“ಅಲ್ರೀ. ನನಗೂ ಇವತ್ತ ಗೊತ್ತಾತು. ಬ್ಯಾರೆ ಏನರ ಬರಸ್ಕೊಂಡು ಬರಾಕ ಬರ್ತಿತ್ತು. ಮನಸ್ಸು ಬರಲಿಲ್ಲ.”

ಹೊರಗೆ ಗಂಟೆ ಹೊಡೆಯಿತು, ಹುಡುಗಿಯರ ಗದ್ದಲ ಕಾರಿಡಾರಿನ ಈ ತುದಿಯಿಂದ ಆ ತುದಿಗೆ ಹರಿದುಹೋಯಿತು. ಮಲ್ಕಾ ಮೇಡಂ ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ. ಹೋಯಿತು, ಎಂದುಕೊಂಡಳು ಪಾರವ್ವ. ಕೆಲಸವೂ ಹೋಯಿತು, ಇಂಗ್ಲಿಷೂ ಹೋಯಿತು. ವಿಚಿತ್ರವೆಂದರೆ ಇಂಗ್ಲಿಷಿನದೇ ಹೆಚ್ಚು ಸಂಕಟವಾಯಿತು.

“ಸ್ಟಾಫ್ ರೂಮಿನಲ್ಲಿ ಗ್ರೇಸ್ ಮಾರ್ಕ್ಸಿನವರ ಬಗ್ಗೆ ಏನೋ ಅಂತಿದ್ರಂತೆ ನೀವು.”

“ಅಂದಿದ್ದೆರೀ. ತಪ್ಪಾತ್ರೀ.”

ಮಲ್ಕಾ ಮೇಡಂ ಡ್ರಾಯರಿನಿಂದ ಇಲಾಖೆಯ ಸುತ್ತೋಲೆ ತೆಗೆದು ಅವಳ ಕಡೆಗೆ ತಿರುಗಿಸಿಟ್ಟರು. “ಮೂರನೇದು ಓದಿ. ಜೋರಾಗಿ.”

“ಅಭ್ಯರ್ಥಿಯು ಪದವಿ ಪರೀಕ್ಷೆಯಲ್ಲಿ ಉತ್ತೀರ್ಣರಾಗಿರತಕ್ಕದ್ದು.”

“ಅಷ್ಟೇ ಕಣ್ರೀ ಕೇಳಿರೋದು. ಯಾರು ಕೈ ಹಿಡ್ಕೊಂಡು ಪಾಸ್ ಮಾಡಿಸಿದ್ರು ಅಂತ ಕೇಳಿಲ್ಲ. ಕೇಳಿದ್ರೆ ನಾನಿದೀನಿ. ಗಾಳಿಮಾತಿಗೆಲ್ಲ ಹೆದರಿಕೊಂಡು ಕೂತ್ರೆ ಸ್ಕೂಲ್ ನಡ್ಸಕ್ಕಾಗುತ್ತಾ?” ಎಂದು ಅವರು ಪಟ್ಟಿಯನ್ನು ಎಳೆದುಕೊಂಡು, ಅವಳ ಹೆಸರಿದ್ದ ಸಾಲಿಗೆ ಪೆನ್ನು ತಂದು, ಕೃ ಎಂಬುದರ ಮೇಲೆ ಅಚ್ಚುಕಟ್ಟಾಗಿ ಒಂದು ಗೆರೆ ಎಳೆದರು. ಹೆಸರು ಹಾಗೇ ಉಳಿಯಿತು. ಪಕ್ಕದಲ್ಲಿ ಚಿಕ್ಕ ಸಹಿ ಹಾಕುತ್ತ, ತಲೆ ಎತ್ತದೆ ಕೇಳಿದರು, “ಎಷ್ಟು ಕೊಟ್ಟಿದ್ರು?”

“ನಾಲ್ಕ್ರೀ.”

“ನಂದು ಎರಡು. ಗಣಿತ.”

ಪಾರವ್ವನಿಗೆ ಕೇಳಿದ್ದು ನಿಜವೋ ಎನ್ನಿಸಿತು. ಹತ್ತನೆಯ ತರಗತಿಗೆ ಗಣಿತ ಹೇಳುವ, ಅರ್ಧ ಅಂಕಕ್ಕೂ ಹುಡುಗಿಯರನ್ನು ಅಳಿಸುವ ಮಲ್ಕಾ ಮೇಡಂ, ಪೆನ್ನಿಗೆ ಕ್ಯಾಪು ಹಾಕುತ್ತಿದ್ದರು. “ನಮ್ಮ ಕಾಲದಲ್ಲಿ ಅಕ್ಷರ ಇರ್ಲಿಲ್ಲ, ಚುಕ್ಕೆ ಹಾಕೋರು. ಚುಕ್ಕೆ ಯಾರ ಹೆಸರಿಗೂ ಅಂಟ್ಕೊಳಲ್ಲ ನೋಡಿ. ಇಷ್ಟು ವರ್ಷ ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಇವತ್ತು ನಿಮ್ಮನ್ನ ನೋಡಿ ಹೇಳ್ಬೇಕು ಅನ್ನಿಸ್ತು.” ಹೇಳಿ ಮುಗಿಸಿ, ಏನೋ ಹಗುರವಾದಂತೆ ಕುರ್ಚಿಗೆ ಒರಗಿದರು.

ಪಾರವ್ವನಿಗೆ ಆ ಮೇಜನ್ನು ಬಳಸಿ ಹೋಗಿ ಅವರ ಎರಡೂ ಕೈ ಹಿಡಿದುಕೊಳ್ಳಬೇಕೆನ್ನಿಸಿತು. ಹಾಗೆಲ್ಲ ಮಾಡುವ ರೂಢಿ ಅಲ್ಲಿರಲಿಲ್ಲ. ಅವಳ ಬಾಯಿಗೆ ಬಂದ ಮಾತು ಬೇರೆಯೇ ಆಗಿತ್ತು. ಮಾರ್ಕ್ಸ್ ಕಾರ್ಡು ಬಂದ ದಿನ ಎಂಟನೆಯ ತರಗತಿಯ ಹುಡುಗಿಯರು ಒಬ್ಬರಿಗೊಬ್ಬರು ಹೇಳಿಕೊಳ್ಳುವ ದನಿಯಲ್ಲಿ ಅವಳು, “ಹಂಗಾದ್ರ ನಿಮಗಿಂತ ನನಗ ಎರಡು ಹೆಚ್ಚು ಬಿದ್ದಾವಲ್ರೀ ಮೇಡಂ” ಎಂದಳು.

ಮಲ್ಕಾ ಮೇಡಂ ಒಂದು ಕ್ಷಣ ಅವಳನ್ನೇ ದಿಟ್ಟಿಸಿದರು. ಆಮೇಲೆ ನಕ್ಕರು, ಹೊರಗಿನ ಜವಾನ ಬಾಗಿಲ ಸಂದಿಯಿಂದ ಇಣುಕಿ ನೋಡುವಷ್ಟು ಜೋರಾಗಿ ನಕ್ಕರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, “ಸಾಕು ಹೋಗ್ರೀ. ಗಂಟೆ ಹೊಡೆದು ಎಷ್ಟೊತ್ತಾಯ್ತು. ಎಂಟನೇ ಕ್ಲಾಸಿನವರು ಕಾಯ್ತಿದಾರೆ, ಇಂಗ್ಲಿಷ್ ನಿಮ್ಮದೇ ಅಲ್ವಾ?” ಎಂದರು.

“ನಂದ ರೀ,” ಎಂದಳು ಪಾರವ್ವ.